ಪುಸ್ತಕ ಹರಿದರೆ ಹರಿಯಲಿ ಬಿಡಿ

ಕಳೆದ ದಸರಾ ರಜೆಯಲ್ಲಿ ನಮ್ಮ ಬಳಗದ ಗೆಳತಿಯೊಬ್ಬಳು ಅಕ್ಕನ ಊರಿಗೆ ಹೋಗುವಾಗ ನಾಲ್ಕು ಚಿತ್ರಪುಸ್ತಕ ಒಯ್ದಿದ್ದಳು. ಅಕ್ಕನ ಮಗಳಿಗೆ ನಾಲ್ಕು ವರ್ಷ. ಪುಸ್ತಕ ಕೈಗೆ ಬಂದದ್ದೇ ತಡ, ಅಕ್ಕ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. 'ಹರಿದು ಹಾಕ್ತಾಳೆ ಕಣೇ, ಒಂದನೇ ಕ್ಲಾಸಿಗೆ ಹೋದ್ಮೇಲೆ ಕೊಡ್ತೀನಿ' ಅಂದಳಂತೆ. ಆ ಹೊತ್ತಿನಲ್ಲಿ ಮಗುವಿನ ಕೈಯಲ್ಲಿ ಹತ್ತು ಸಾವಿರ ರೂಪಾಯಿಯ ಮೊಬೈಲ್ ಇತ್ತು.

ನಕ್ಕು ಬಿಡುವ ಮಾತಲ್ಲ ಇದು. ನಾವೂ ಬೆಳೆದದ್ದು ಇಂಥ ಮನೆಗಳಲ್ಲೇ. ಪುಸ್ತಕ ಅಂದರೆ ಸರಸ್ವತಿ, ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಮನೆಯಲ್ಲಿ ಇರುತ್ತಿದ್ದದ್ದು ಪಂಚಾಂಗ ಮತ್ತು ಪಠ್ಯಪುಸ್ತಕ. ಪುಸ್ತಕದ ಬಗ್ಗೆ ಗೌರವ ಬೇಕಾದಷ್ಟಿತ್ತು, ಸಲಿಗೆ ಇರಲಿಲ್ಲ. ಸಣ್ಣ ಮಕ್ಕಳಿಗೆ ಮೊದಲು ಸಿಗಬೇಕಾದದ್ದು ಆ ಸಲಿಗೆಯೇ ಎಂಬುದು ನಮ್ಮ ಅಭಿಪ್ರಾಯ. ಪುಟ ಮಡಚಲಿ, ತಲೆಕೆಳಗಾಗಿ ಹಿಡಿಯಲಿ, ಒಂದೆರಡು ಹರಿಯಲಿ. ಗೋಂದು ಹಚ್ಚಿ ಅಂಟಿಸಿದರಾಯಿತು.

ಬೀಗ ತೆಗೆದ ಮನೆಗಳಲ್ಲಿ ಇನ್ನೊಂದು ತೊಂದರೆಯಿದೆ. ಕತೆ ಮುಗಿಯುತ್ತಿದ್ದಂತೆ 'ಇದರ ನೀತಿ ಏನು ಹೇಳು?', 'ಇದು ಯಾವ ಅಕ್ಷರ?' ಎಂದು ಶುರುವಾಗುತ್ತದೆ. ಕತೆ ಕೇಳಲು ಬಂದ ಮಗು ಪರೀಕ್ಷೆಗೆ ಕೂರಬೇಕಾಗುತ್ತದೆ. ಮೂರನೇ ದಿನಕ್ಕೆ ಅದು ಎದ್ದು ಹೋದರೆ 'ನಮ್ಮ ಮಗುಗೆ ಓದೋ ಆಸಕ್ತಿನೇ ಇಲ್ಲ' ಎನ್ನುತ್ತೇವೆ. ಅದೇ ಮಗು ಇಷ್ಟದ ಕತೆಯನ್ನು 'ಇನ್ನೊಂದ್ ಸಲ' ಎಂದು ಹತ್ತು ಸಲ ಕೇಳುವುದಿಲ್ಲವೇ? ಅದು ಆಸಕ್ತಿಯಲ್ಲದೆ ಮತ್ತೇನು?

'ಹೊಲ, ಮನೆ, ದನ ನೋಡಿಕೊಳ್ಳುವಷ್ಟರಲ್ಲಿ ಸಾಕುಸಾಕಾಗುತ್ತೆ, ಕತೆ ಓದೋಕೆ ಪುರುಸೊತ್ತೆಲ್ಲಿ?' ಎನ್ನುವವರ ಮಾತು ಸುಳ್ಳಲ್ಲ. ಕೂಲಿ ಮುಗಿಸಿ ಬಂದು ಒಲೆ ಮುಂದೆ ಕೂರುವ ತಾಯಿಯ ಮೇಲೆ ಇನ್ನೊಂದು ಕೆಲಸ ಹೇರುವ ಆಸೆ ನಮಗಿಲ್ಲ. ಅಪ್ಪಂದಿರೂ ಹತ್ತು ನಿಮಿಷ ಕೂರಬಹುದು. ಓದು ಬಾರದವರೂ ಕೂರಬಹುದು. ಗೆಳತಿಯ ಅಕ್ಕನ ಮನೆಯಲ್ಲಿ ಕೊನೆಗೆ ಬೀರು ತೆಗೆಸಿದ್ದು ಅಕ್ಕನ ಅತ್ತೆ. ಅವರಿಗೆ ಅಕ್ಷರ ಬರುವುದಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರ ನೋಡುತ್ತಾ ತಮ್ಮದೇ ಕತೆ ಕಟ್ಟಿದರು. ಪುಸ್ತಕದ ಸಮುದ್ರ ಅವರ ಬಾಯಲ್ಲಿ ಊರ ಕೆರೆಯಾಯಿತು. ಅಚ್ಚಾಗಿದ್ದ ಒಂದು ಸಾಲನ್ನೂ ಅವರು ಓದಲಿಲ್ಲ, ಆದರೆ ಪುಟ ತಿರುಗಿಸಿದರೆ ಏನೋ ಕಾದಿರುತ್ತದೆ ಎಂಬುದು ಮಗುವಿಗೆ ಗೊತ್ತಾಯಿತು.

ಪುಸ್ತಕ ಕೊಳ್ಳಲು ಕಾಸಿಲ್ಲದ ಮನೆಗಳಿಗೂ ದಾರಿಯಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. ಡೌನ್‌ಲೋಡ್ ಮಾಡಿ ಪ್ರಿಂಟ್ ಕೂಡ ತೆಗೆದುಕೊಳ್ಳಬಹುದು. ಮಗುವಿನ ಕೈಗೆ ಕೊಟ್ಟು ಸುಮ್ಮನಾಗುವ ಮೊಬೈಲನ್ನೇ ಪಕ್ಕದಲ್ಲಿ ಕೂತು ಕತೆ ಓದಲು ಬಳಸಬಹುದು.

ಆದರೆ ಎಲ್ಲವನ್ನೂ ಮನೆಯವರ ತಲೆಗೇ ಕಟ್ಟುವುದು ಸರಿಯಲ್ಲ. ನಾವು ಕಟ್ಟುವ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಇರುತ್ತದೆ. ನಮ್ಮಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿದೆ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರ ಮಕ್ಕಳ ದಿನದಂದು 'ಓದುವ ಬೆಳಕು' ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಒಳ್ಳೆಯ ಕೆಲಸವೇ, ಮೆಚ್ಚಬೇಕು. ಆದರೆ ಅದರ ಲೆಕ್ಕ 6ರಿಂದ 18 ವರ್ಷದವರದ್ದು. ಪುಸ್ತಕದ ರುಚಿ ಹತ್ತುವ ಮೂರು, ನಾಲ್ಕು, ಐದರ ಮಕ್ಕಳು ಅಂಗನವಾಡಿಯಲ್ಲಿದ್ದಾರೆ, ಅದು ಬೇರೆ ಇಲಾಖೆ. ಎರಡೂ ಒಂದೇ ಊರಲ್ಲಿದ್ದರೂ ಇಲ್ಲಿಯ ಪುಸ್ತಕ ಅಲ್ಲಿಗೆ ಹೋಗಲು ಯಾರಾದರೂ ಮನಸ್ಸು ಮಾಡಬೇಕು.

ಇನ್ನೊಂದು ಅಡ್ಡಿಯೂ ಇದೆ. ನಮ್ಮೂರುಗಳ ಕಡೆಯ ಗ್ರಂಥಾಲಯ ಮೇಲ್ವಿಚಾರಕರೊಬ್ಬರು 'ಮಕ್ಕಳ ಪುಸ್ತಕ ಮನೆಗೆ ಕೊಡೋಕೆ ಭಯ. ಹರಿದ್ರೆ, ಕಳೆದ್ರೆ ನಾನೇ ಲೆಕ್ಕ ಕೊಡ್ಬೇಕು' ಎಂದಿದ್ದರು. ಅಕ್ಕನ ಬೀರುವಿಗೂ ಅವರ ಕಪಾಟಿಗೂ ಬೀಗ ಹಾಕಿಸಿದ್ದು ಒಂದೇ ಭಯ. ಅವರನ್ನು ದೂರಿ ಫಲವಿಲ್ಲ, ಲೆಕ್ಕದ ರೀತಿ ಬದಲಾಗಬೇಕು. ಹರಿದ ಮಕ್ಕಳ ಪುಸ್ತಕವನ್ನು ನಷ್ಟಕ್ಕೆ ಸೇರಿಸದೆ 'ಓದಿ ಸವೆದದ್ದು' ಎಂದು ಬರೆದುಕೊಳ್ಳುವಂತಾಗಬೇಕು.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಮೂರು ಮಾತು ಎತ್ತೋಣ. ಆರು ತುಂಬದ ಮಕ್ಕಳಿರುವ ಮನೆಗೂ ಒಂದು ಕಾರ್ಡ್ ಕೊಡಿ. ತಿಂಗಳಿಗೊಂದು ಪೆಟ್ಟಿಗೆ ಪುಸ್ತಕ ಅಂಗನವಾಡಿಗೆ ಹೋಗಲಿ. ಹರಿದದ್ದಕ್ಕೆ ಯಾರ ಕೈಯಿಂದಲೂ ದುಡ್ಡು ಕಟ್ಟಿಸಬೇಡಿ. ದೊಡ್ಡ ಬಜೆಟ್ ಬೇಡುವ ಬೇಡಿಕೆಗಳಲ್ಲ ಇವು.

ಅಂದಹಾಗೆ, ಆ ನಾಲ್ಕು ಪುಸ್ತಕಗಳಲ್ಲಿ ಒಂದಕ್ಕೆ ಈಗ ಕೊನೆಯ ಪುಟ ಇಲ್ಲ. ಕೊನೆಗೇನಾಯ್ತು ಅಂತ ಕೇಳಿದರೆ ಮಗು ದಿನಕ್ಕೊಂದು ಹೇಳುತ್ತಾಳಂತೆ.