ಗುಳೆ ಬಂದ ಮಕ್ಕಳ ಹಾಜರಿ ಯಾರ ಹೊಣೆ?



ಕುಯ್ಲಿನ ಕಾಲ ಬಂತೆಂದರೆ ನಾವೆಲ್ಲ ಕಾಯುವುದು ಆಳುಗಳ ದಾರಿಯನ್ನು. ರಾಯಚೂರು ಜಿಲ್ಲೆಯ ಮಳೆಯಾಶ್ರಿತ ಹಳ್ಳಿಗಳಿಂದ ಜನ ಗುಳೆ ಹೊರಡುತ್ತಾರೆ. ಹೋದ ವರ್ಷ ನನ್ನ ಲೈನ್ ಮನೆಗೆ ಬಂದ ತಂಡ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಕಡೆಯದು. ದೊಡ್ಡವರು 11 ಮಂದಿ, ಮಕ್ಕಳು 5. ದೊಡ್ಡವರ ಹೆಸರು ನನ್ನ ಹಾಜರಿ ಪುಸ್ತಕದಲ್ಲಿತ್ತು. ಮಕ್ಕಳ ಹೆಸರು ಊರಿನ ಶಾಲೆಯ ಪುಸ್ತಕದಲ್ಲಿತ್ತು. ಮಕ್ಕಳು ಮಾತ್ರ ಅಲ್ಲಿರಲಿಲ್ಲ.

ಅವರಲ್ಲೊಬ್ಬಳು ಐದನೆಯ ತರಗತಿಯ ಹುಡುಗಿ. ಶಾಲೆ ಬಿಡಿಸಿ ಏಕೆ ಕರೆತಂದೆ ಎಂದು ತಾಯಿಯನ್ನು ಗದರಿಸುವ ಧಾಟಿಯಲ್ಲೇ ಕೇಳಿದೆ. "ಸಣ್ಣ ಕೂಸಿನ್ನ ಯಾರು ನೋಡ್ಕಬೇಕ್ರಿ ಸಾವ್ಕಾರ್ರ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಡುಗಿ ಹಣ್ಣು ಕೊಯ್ಯುತ್ತಿರಲಿಲ್ಲ, ನಿಜ. ಅವಳು ಕೂಸನ್ನು ಎತ್ತಿಕೊಂಡಿದ್ದರಿಂದಲೇ ತಾಯಿಯ ಎರಡು ಕೈಗಳು ನನ್ನ ಗಿಡದ ಮೇಲಿದ್ದವು.

ಮಕ್ಕಳನ್ನು ಶಾಲೆಗೆ ಕಳಿಸುವುದು ತಂದೆತಾಯಿಯರ ಕರ್ತವ್ಯ. 2002ರ ತಿದ್ದುಪಡಿ ಅದನ್ನು ಸಂವಿಧಾನದ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಅದನ್ನೇ ಹೇಳುತ್ತದೆ. ಇದರಲ್ಲಿ ವಿನಾಯಿತಿ ಇಲ್ಲ. ಆದರೆ ಕರ್ತವ್ಯ ನಡೆಸಲು ದಾರಿಯೂ ಬೇಕು. ಆ ಕಾಯಿದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆ ವರ್ಷಕ್ಕೆ 200 ದಿನ ನಡೆಯಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅರೇಬಿಕಾ, ರೊಬಸ್ಟಾ ಎರಡರ ಕುಯ್ಲಿಗೂ ನಿಂತ ಕುಟುಂಬದ ಮಗು ಅದರಲ್ಲಿ ಮೂರನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಭಾಗಾಕಾರ ಕಲಿಸುವ ತಿಂಗಳಲ್ಲಿ ಇಲ್ಲದವನಿಗೆ ಮುಂದಿನ ವರ್ಷದ ಲೆಕ್ಕ ಹತ್ತುವುದಿಲ್ಲ. ನಾಚಿಕೆಯಿಂದ ಹಿಂದಿನ ಬೆಂಚಿಗೆ ಸರಿಯುತ್ತಾನೆ, ಆಮೇಲೆ ಶಾಲೆಯಿಂದಲೇ ಸರಿಯುತ್ತಾನೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 60ನ್ನೂ ಮುಟ್ಟಿರಲಿಲ್ಲ. ಕೊಡಗಿನದು 82 ದಾಟಿತ್ತು.

"ನಾವು ಸಣ್ಣ ಹಿಡುವಳಿಯವರು, ನಮಗೇಕೆ ಈ ಉಸಾಬರಿ?" ಎನ್ನುವವರಿದ್ದಾರೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಶಾಲೆ, ಶಿಶುಮಂದಿರದ ಹೊಣೆಯನ್ನು ದೊಡ್ಡ ತೋಟಗಳ ಮೇಲೆ ಹೊರಿಸಿತ್ತು. ನಮ್ಮಂಥವರು ಆ ಲೆಕ್ಕಕ್ಕೆ ಬರಲಿಲ್ಲ. ಕಾಯಿದೆ ಬಿಟ್ಟಿತೆಂದು ಮನಸ್ಸಾಕ್ಷಿಯೂ ಬಿಡಬೇಕೆ? ಖರ್ಚೂ ಹೆಚ್ಚಲ್ಲ.

ಮೇಸ್ತ್ರಿಗೆ ಮುಂಗಡ ಕೊಡುವಾಗಲೇ ಮಕ್ಕಳೆಷ್ಟು, ಯಾವ ತರಗತಿ ಎಂದು ಕೇಳಿ ಬರೆದುಕೊಳ್ಳಿ. ಊರಿನಲ್ಲಿ ಅಜ್ಜ-ಅಜ್ಜಿಯರಿದ್ದರೆ ಮಕ್ಕಳನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದೆಂದು ತಿಳಿಸಿ. ಬಂದ ಮಕ್ಕಳನ್ನು ಮರುದಿನವೇ ಹತ್ತಿರದ ಸರ್ಕಾರಿ ಶಾಲೆಗೆ ಕರೆದೊಯ್ಯಿರಿ. ವರ್ಗಾವಣೆ ಪತ್ರ ತಡವಾಯಿತೆಂದು ಶಾಲೆಯವರು ಸೇರಿಸಿಕೊಳ್ಳದಿರುವಂತಿಲ್ಲ. ಮಧ್ಯಾಹ್ನದ ಬಿಸಿಯೂಟವೂ ಅಲ್ಲಿಯೇ ಸಿಗುತ್ತದೆ. ಆನೆ ಓಡಾಡುವ ದಾರಿಯಾದರೆ ಆಳುಗಳನ್ನು ತರುವ ಜೀಪೇ ಒಂದು ಸುತ್ತು ಹೆಚ್ಚು ಹೋಗಲಿ. ಎಲ್ಲಕ್ಕಿಂತ ಮುಖ್ಯ, ಕೂಸುಗಳನ್ನು ನೋಡಿಕೊಳ್ಳಲು ತಂಡದ ಒಬ್ಬ ಹಿರಿಯ ಹೆಂಗಸನ್ನು ದಿನಗೂಲಿ ಕೊಟ್ಟು ಕೂರಿಸಿ. ಅಕ್ಕಪಕ್ಕದ ಮೂರು ತೋಟದವರು ಸೇರಿದರೆ ಆ ಕೂಲಿ ಯಾರಿಗೂ ಭಾರವಾಗದು.

ಹೋದ ವರ್ಷ ನಾನು ಇದನ್ನು ಮಾಡಿದ್ದು ಜನವರಿ ಕೊನೆಗೆ. ಅಷ್ಟರಲ್ಲಿ ಆ ಹುಡುಗಿಯ ಎರಡು ತಿಂಗಳು ಹೋಗಿತ್ತು. ಈ ಸಲ ತಂಡ ಬಂದ ದಿನವೇ ಆಗಬೇಕು. ನೀವೂ ಕೈಗೂಡಿಸಿರೆಂದು ವಿನಂತಿ.

— ಕಾರ್ಯದರ್ಶಿ