ಕಿಟಕಿ ಗಾಜಿನ ಆಯ್ಕೆ ನಿಮ್ಮದಾಗಿರಲಿ

ಮನೆ ಕಟ್ಟಿಸುವಾಗ ಅಡುಗೆ ಕಟ್ಟೆಗೆ ಯಾವ ಕಲ್ಲು, ದೇವರ ಕೋಣೆಗೆ ಎಂಥ ಬಾಗಿಲು ಅಂತ ನಮ್ಮನ್ನು ಕೇಳುತ್ತಾರೆ. ಕಿಟಕಿ ಗಾಜಿನ ವಿಷಯದಲ್ಲಿ ಮಾತ್ರ ಯಾರೂ ಕೇಳುವುದಿಲ್ಲ. ನಾವೂ ಬಾಯಿ ಬಿಡುವುದಿಲ್ಲ. ಗಾಜು ಅಂದ್ರೆ ಗಾಜು, ಅದರಲ್ಲೇನು ಆರಿಸೋದು ಎಂಬ ತಾತ್ಸಾರ!

ಹಳಿಯಾಳದಲ್ಲಿ ನಮ್ಮ ಮನೆ ಕಟ್ಟುವಾಗ ನಾನೂ ಹೀಗೇ ಸುಮ್ಮನಿದ್ದೆ. "ಅಕ್ಕಾರ, ಈಗ ಎಲ್ಲಾರೂ ಇದನ್ನ ಹಾಕಸ್ತಾರ್ರೀ" ಎಂದು ಅಂಗಡಿಯವರು ತೋರಿಸಿದ, ಕನ್ನಡಿಯಂತೆ ಹೊಳೆಯುವ ನೀಲಿ ಗಾಜನ್ನೇ ಎಲ್ಲ ಕಿಟಕಿಗಳಿಗೂ ಹಾಕಿಸಿದೆವು. ಹೊರಗಿನವರಿಗೆ ಒಳಗಿನದು ಕಾಣೋದಿಲ್ಲ, ಇನ್ನು ಪರದೆ ಖರ್ಚು ಉಳಿಯಿತು ಅಂತ ನನಗೆ ಖುಷಿಯೋ ಖುಷಿ. ಒಂದು ಸಂಜೆ ಹಾಲು ತರಲು ಹೋಗಿ ವಾಪಸ್ ಬರುತ್ತಾ ನೋಡುತ್ತೇನೆ, ದೀಪ ಹಾಕಿದ ನಮ್ಮ ಮಲಗುವ ಕೋಣೆ ರಸ್ತೆಗೆ ಟೀವಿಯ ಹಾಗೆ ಕಾಣುತ್ತಿದೆ! ಬಟ್ಟೆ ಮಡಚುತ್ತಾ ಕೂತಿದ್ದ ಅತ್ತೆಯವರಿಗೆ ಪಾಪ, ಅದರ ಪರಿವೆಯೇ ಇಲ್ಲ.

ಆಮೇಲೆ ಗೊತ್ತಾಯಿತು. ಈ ರಿಫ್ಲೆಕ್ಟಿವ್ ಗಾಜು ಬೆಳಕು ಹೆಚ್ಚಿರುವ ಕಡೆಗೆ ಕನ್ನಡಿಯಾಗುತ್ತದೆ. ಹಗಲು ಹೊರಗೆ ಬೆಳಕು ಹೆಚ್ಚು, ನಮಗೆ ಮರೆ ಸಿಗುತ್ತದೆ. ರಾತ್ರಿ ದೀಪ ಹಾಕಿದರೆ ಲೆಕ್ಕ ಉಲ್ಟಾ. ನಮಗೆ ನಮ್ಮದೇ ಮುಖ ಕಾಣುತ್ತದೆ, ರಸ್ತೆಯವರಿಗೆ ನಾವು ಕಾಣುತ್ತೇವೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ಕೇಳಬೇಕು ಅಂತ ನನಗೂ ತಿಳಿಯಲಿಲ್ಲ.

ಅದಕ್ಕೇ ನನ್ನ ಮಾತು ಇಷ್ಟೇ: ಇಡೀ ಮನೆಗೆ ಒಂದೇ ಗಾಜು ಎಂಬುದನ್ನು ಒಪ್ಪಬೇಡಿ. ಯಾವ ಕಿಟಕಿಗೆ ಎಷ್ಟು ಹೊತ್ತು ಬಿಸಿಲು, ಯಾವುದರಿಂದ ಇರಚಲು ಹೊಡೆಯುತ್ತದೆ, ಯಾವುದರ ಹತ್ತಿರ ಮಕ್ಕಳು ಆಡುತ್ತಾರೆ ಅಂತ ದಿನವಿಡೀ ಮನೆಯಲ್ಲಿರುವವರಿಗೆ ಗೊತ್ತು. ಗಾಜು ಆರಿಸಬೇಕಾದವರೂ ಅವರೇ.

ಊರು ನೋಡಿ, ದಿಕ್ಕು ನೋಡಿ

ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಎಲ್ಲವೂ ಒಂದೇ ಜಿಲ್ಲೆ. ಆದರೆ ಬಿಸಿಲು-ಮಳೆ ಒಂದೇ ಅಲ್ಲ. ಘಟ್ಟದ ನೆತ್ತಿಯಲ್ಲಿರುವ ಜೋಯಿಡಾ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದೇ ಇರುತ್ತದೆ. ಅಲ್ಲಿ ದಟ್ಟ ಬಣ್ಣದ ಗಾಜು ಹಾಕಿದರೆ ಹಾಡಹಗಲೇ ದೀಪ ಹಾಕಿ ಅಕ್ಕಿ ಆರಿಸಬೇಕಾದೀತು. ನಮ್ಮ ಹಿರಿಯರು ಅಡುಗೆಮನೆಯ ಮಾಡಿಗೆ ಒಂದೆರಡು ಗಾಜಿನ ಹಂಚು ಇಟ್ಟು ಬೆಳಕು ತರುತ್ತಿದ್ದರಲ್ಲ, ಆ ಜಾಣತನವನ್ನು ನಾವು ಮರೆಯಬಾರದು.

ಬಯಲುಸೀಮೆಗೆ ಹೊಂದಿಕೊಂಡ ಹಳಿಯಾಳ, ಮುಂಡಗೋಡದಲ್ಲಿ ತೊಂದರೆ ಬೇರೆ. ಏಪ್ರಿಲ್ ಮಧ್ಯಾಹ್ನ ಪಡುವಣ ಕಿಟಕಿಯ ಪಕ್ಕ ಕೂತು ನೋಡಿ! ಸಾದಾ ಗಾಜು ಬಿಸಿಲ ಶಾಖದಲ್ಲಿ ನೂರಕ್ಕೆ ಸುಮಾರು ಎಂಬತ್ತು ಭಾಗವನ್ನು ಒಳಗೆ ಬಿಡುತ್ತದೆ. ಬಣ್ಣದ ಗಾಜು ಒಂದಷ್ಟನ್ನು ತಡೆಯುತ್ತದೆ ನಿಜ, ಆದರೆ ತಾನೇ ಕಾದು ಆ ಬಿಸಿಯಲ್ಲಿ ಸ್ವಲ್ಪ ಭಾಗವನ್ನು ಒಳಗೂ ಕೊಡುತ್ತದೆ. ದಕ್ಷಿಣದ ಬಿಸಿಲನ್ನು ಕಿಟಕಿಯ ಮೇಲಿನ ಸಜ್ಜಾ ತಡೆದೀತು. ಪಡುವಣದ ಬಿಸಿಲು ಓರೆಯಾಗಿ ಬರುವುದರಿಂದ ಸಜ್ಜಾಕ್ಕೆ ಬಗ್ಗುವುದಿಲ್ಲ. ಹಾಗಾಗಿ ತಿಳಿಬಣ್ಣದ ಗಾಜು ಪಡುವಣದ ಕಿಟಕಿಗೆ ಮಾತ್ರ ಸಾಕು. ಹೊರಗೊಂದು ಬಿದಿರಿನ ತಟ್ಟಿ ಅಥವಾ ಬಳ್ಳಿಯ ಚಪ್ಪರ ಇದ್ದರೆ ಇನ್ನೂ ತಂಪು. ಉತ್ತರದ ಕಿಟಕಿಗೆ ಬಣ್ಣದ ಗಾಜು ಹಾಕಿ ದುಡ್ಡು ಯಾಕೆ ದಂಡ ಮಾಡಬೇಕು? ಸಾದಾ ಗಾಜೇ ಚೆನ್ನ.

ಎರಡು ಪದರದ ಡಬಲ್ ಗಾಜು ಎಸಿ ಹಾಕಿ ಕಿಟಕಿ ಮುಚ್ಚಿಡುವವರಿಗೆ ಸರಿ. ವರ್ಷದ ಬಹುಪಾಲು ಕಿಟಕಿ ತೆರೆದಿಟ್ಟು ಗಾಳಿ ಬಯಸುವ ನಮಗೆ ಅದು ಬೇಡದ ಖರ್ಚು ಅಂತಲೇ ನನ್ನ ಅಭಿಪ್ರಾಯ.

ಇದು ಜೀವದ ಮಾತು

ಬಣ್ಣ, ಬೆಳಕಿನಲ್ಲಿ ತಪ್ಪಿದರೆ ಪರದೆ ಹಾಕಿ ಸುಧಾರಿಸಬಹುದು. ಇನ್ನೊಂದು ತಪ್ಪು ಹಾಗಲ್ಲ. ಮುಂಡಗೋಡದಲ್ಲಿರುವ ನನ್ನ ವಾರಗಿತ್ತಿಯ ತವರಿನಲ್ಲಿ ಬಾಲ್ಕನಿಗೆ ನೆಲದವರೆಗೂ ಸಾದಾ ಗಾಜು ಹಾಕಿಸಿದ್ದರು. ಹಬ್ಬಕ್ಕೆ ಬಂದ ಮಗುವೊಂದು ಬಾಗಿಲು ತೆರೆದಿದೆ ಅಂದುಕೊಂಡು ಓಡಿತು. ಗಾಜು ಚೂರಿಯಂಥ ಚೂರುಗಳಾಗಿ ಬಿತ್ತು. ಕೈಗೆ ಹೊಲಿಗೆ ಬಿದ್ದವು. ಕುತ್ತಿಗೆಗೆ ತಾಗಲಿಲ್ಲ ಎಂಬುದೊಂದೇ ಪುಣ್ಯ.

ಅಲ್ಲಿ ಬೇಕಿದ್ದದ್ದು ಟಫನ್ಡ್ ಗಾಜು. ಕಾರಿನ ಪಕ್ಕದ ಕಿಟಕಿಗೆ ಇರುತ್ತದಲ್ಲ, ಅಂಥದ್ದು. ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಒಡೆದರೂ ಕಲ್ಲುಸಕ್ಕರೆಯಂತೆ ಚಿಕ್ಕ ಚಿಕ್ಕ ಹರಳಾಗಿ ಉದುರುತ್ತದೆ. ತಲೆಯ ಮೇಲೆ, ಅಂದರೆ ಮಾಡಿಗೋ ಒಳ ಅಂಗಳದ ಮೇಲ್ಭಾಗಕ್ಕೋ ಹಾಕುವುದಾದರೆ ಲ್ಯಾಮಿನೇಟೆಡ್ ಗಾಜೇ ಬೇಕು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಕಾರಿನ ಮುಂದಿನ ಗಾಜಿನಂತೆ ಬಿರುಕು ಬಿಟ್ಟರೂ ಕೆಳಗೆ ಸುರಿಯುವುದಿಲ್ಲ.

ಖರ್ಚು ಜಾಸ್ತಿ ಅಂತ ನಮ್ಮವರು ರಾಗ ಎಳೆಯಬಹುದು. ಇಡೀ ಮನೆಗೆ ಬೇಡ ಅಂತ ಹೇಳಿ. ನೆಲದವರೆಗೆ ಇಳಿಯುವ ಕಿಟಕಿ, ಗಾಜಿನ ಬಾಗಿಲು, ಮೆಟ್ಟಿಲ ಪಕ್ಕ, ಬಚ್ಚಲು ಇಷ್ಟೇ. ಉತ್ತರದ ಕಿಟಕಿಯ ಬಣ್ಣದಲ್ಲಿ ಉಳಿಸಿದ್ದನ್ನು ಇಲ್ಲಿ ಹಾಕಿ! ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ಗಾಜಿಗೆಂದೇ ಒಂದು ವಿಭಾಗವಿದೆ. ಸುರಕ್ಷಾ ಗಾಜಿಗೆ ಐಎಸ್ 2553 ಎಂಬ ಮಾನದಂಡವೂ ಇದೆ. ಗಾಜಿನ ಮೂಲೆಯಲ್ಲಿ ಆ ಗುರುತು ಇದೆಯೇ ಅಂತ ನೀವೇ ಕಣ್ಣಾರೆ ನೋಡಿ.

ಹಕ್ಕಿಗಳನ್ನೂ ನೆನೆಯೋಣ

ದಾಂಡೇಲಿ, ಜೋಯಿಡಾದವರಿಗೆ ಇನ್ನೊಂದು ಮಾತು. ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳಿರುವ ಕಾಡು ನಮ್ಮದು. ಕನ್ನಡಿ ಗಾಜಿನಲ್ಲಿ ಮರ, ಆಕಾಶ ಕಂಡರೆ ಹಕ್ಕಿಗಳು ನಿಜವೆಂದು ನಂಬಿ ಹಾರಿ ಬಂದು ಬಡಿದುಕೊಳ್ಳುತ್ತವೆ. ಕಾಡಿನ ಪಕ್ಕದ ಮನೆ, ಹೋಂಸ್ಟೇಗಳಿಗೆ ಅಂಥ ಗಾಜು ಬೇಡವೇ ಬೇಡ. ಈಗಾಗಲೇ ಹಾಕಿಸಿದ್ದರೆ ಹೊರಬದಿಗೆ ಸೊಳ್ಳೆ ಜಾಲರಿ ಹಾಕಿಸಿ. ಸೊಳ್ಳೆಯೂ ಬಾರದು, ಹಕ್ಕಿಯೂ ಉಳಿದೀತು.

ನೆನಪಿರಲಿ

* ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲು, ತೂತು ಕೊರೆಯಲು ಬರುವುದಿಲ್ಲ. ಚೌಕಟ್ಟು ಕೂಡಿಸಿದ ಮೇಲೆಯೇ ಸರಿಯಾದ ಅಳತೆ ಕೊಡಿ.

* ಮಳೆಗಾಲದಲ್ಲಿ ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಒದ್ದೆಯಾಗಿ ಬಿಟ್ಟರೆ ಬಿಳಿ ಮಸುಕು ಹಿಡಿಯುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಹೋಗದು. ನಡುವೆ ಕಾಗದವಿಟ್ಟು, ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ.

* ಗಿಲಾವು ಮುಗಿದ ಮೇಲೆಯೇ ಗಾಜು ಕೂಡಿಸಿ. ಸಿಮೆಂಟ್ ನೀರು ಸಿಡಿದರೆ ತಕ್ಷಣ ತೊಳೆಯಿರಿ.

* ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಗಾಜನ್ನು ಚೌಕಟ್ಟಿಗೆ ಬಿಗಿಯಾಗಿ ತುರುಕದೆ ಸುತ್ತ ತುಸು ಜಾಗ ಬಿಡಲು ಬಡಿಗೇರರಿಗೆ ಹೇಳಿ.

* ಬಚ್ಚಲಿನ ಮಸುಕು ಗಾಜಿನ ಒರಟು ಬದಿ ಒದ್ದೆಯಾದರೆ ಮಸುಕು ಕಡಿಮೆಯಾಗುತ್ತದೆ. ನುಣುಪು ಬದಿ ಒಳಗಿರಲಿ, ಒರೆಸಲೂ ಸುಲಭ.

* 5 ಎಂಎಂ ದಪ್ಪದ ಗಾಜು ಒಂದು ಚದರ ಮೀಟರಿಗೆ 12.5 ಕಿಲೋ ತೂಗುತ್ತದೆ. ದೊಡ್ಡ ಕಿಟಕಿಯಾದರೆ ತಿರುಗಣಿಯೂ ಗಟ್ಟಿಯಿರಲಿ.

ಗಾಜಿನ ಅಂಗಡಿಗೆ ಮನೆಯವರು ಹೊರಟಾಗ ಈ ಸಲ ನೀವೂ ಚಪ್ಪಲಿ ಮೆಟ್ಟಿಕೊಳ್ಳಿ. ಅಳತೆಯ ಚೀಟಿ ನಿಮ್ಮ ಕೈಯಲ್ಲಿರಲಿ. ನಮ್ಮ ಮಲಗುವ ಕೋಣೆಗೆ ಕೊನೆಗೂ ಪರದೆ ಬಂತು, ಬಿಡಿ. ಹೊಲಿದುಕೊಟ್ಟವರು ಅತ್ತೆಯವರೇ!