ಹತ್ತಕ್ಕೆ ಮೂರು ಅಂಕದ ಶಾಲೆ

ಶಿಕಾಗೋದಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗ ಕುಟುಂಬ ಮೊದಲು ನೋಡುವುದು ಅಡುಗೆಮನೆಯನ್ನಲ್ಲ, ಶಾಲೆಯ ಅಂಕವನ್ನು. ಮನೆ ಹುಡುಕುವ ಆ್ಯಪ್‌ನಲ್ಲಿ ಪ್ರತಿ ವಿಳಾಸದ ಕೆಳಗೂ ಹತ್ತಿರದ ಶಾಲೆಗೆ ಹತ್ತಕ್ಕೆ ಇಷ್ಟು ಎಂದು ನಮೂದಾಗಿರುತ್ತದೆ. ಎಂಟೋ ಒಂಬತ್ತೋ ಇದ್ದರೆ ಮಾತು ಮುಂದುವರಿಯುತ್ತದೆ. ಮೂರೋ ನಾಲ್ಕೋ ಇದ್ದರೆ ಬೆರಳು ಮುಂದಿನ ಮನೆಗೆ ಜಾರುತ್ತದೆ. ಹದಿಮೂರು ವರ್ಷಗಳ ಹಿಂದೆ ನಾವೂ ಹಾಗೆಯೇ ಮಾಡಿದೆವು. ಮಗ ಆಗ ಒಂದನೇ ತರಗತಿಗೆ ಸೇರಬೇಕಿತ್ತು. ನಗರದಲ್ಲಿದ್ದ ನಮ್ಮ ಬಾಡಿಗೆ ಮನೆಯಿಂದ ಎರಡು ಬೀದಿ ಆಚೆಗೆ ಒಂದು ಸಾರ್ವಜನಿಕ ಶಾಲೆ ಇತ್ತು. ಅದರೊಳಗೆ ಒಮ್ಮೆಯೂ ಕಾಲಿಡದೆ, ಅಲ್ಲಿನ ಒಬ್ಬ ಶಿಕ್ಷಕಿಯನ್ನೂ ಮಾತನಾಡಿಸದೆ, ಮೂರು ಎಂಬ ಅಂಕಿಯನ್ನಷ್ಟೇ ನಂಬಿ ಉಪನಗರಕ್ಕೆ ಹೊರಟುಬಂದೆವು.

ಇಂದು ಆ ನಿರ್ಧಾರವನ್ನು ನೆನೆದಾಗ ನನ್ನನ್ನು ಕಾಡುವುದು ಮಗನಿಗೆ ದೊರೆತ ಶಿಕ್ಷಣವಲ್ಲ. ಅದು ಚೆನ್ನಾಗಿಯೇ ಇತ್ತು. ಕಾಡುವುದು ನಾವು ಆ ಅಂಕಿಯನ್ನು ಓದಿದ ರೀತಿ. ಪರೀಕ್ಷೆಗಳ ಸರಾಸರಿಯನ್ನೇ ನೆಚ್ಚಿದ ಅಂಥ ಅಂಕಿ ಬಹುಮಟ್ಟಿಗೆ ಅಳೆಯುವುದು ಶಾಲೆಯನ್ನಲ್ಲ, ಶಾಲೆಗೆ ಬರುವ ಮಕ್ಕಳ ಮನೆಯನ್ನು. ತಂದೆತಾಯಿ ಇಬ್ಬರೂ ಪದವೀಧರರಾಗಿರುವ, ಮಲಗುವ ಮುನ್ನ ಕಥೆ ಓದಿ ಹೇಳುವವರಿರುವ, ಬಾಡಿಗೆ ಕಟ್ಟಲಾಗದೆ ನಡುವರ್ಷದಲ್ಲಿ ಗಂಟುಮೂಟೆ ಕಟ್ಟುವ ಸ್ಥಿತಿ ಬಾರದ ಮಗು ಶಾಲೆಯ ಮೊದಲ ದಿನವೇ ಅರ್ಧ ಹಾದಿ ಕ್ರಮಿಸಿ ಬಂದಿರುತ್ತದೆ. ಆ ಅರ್ಧ ಹಾದಿಯನ್ನೂ ನಾವು ಶಾಲೆಯ ಲೆಕ್ಕಕ್ಕೇ ಜಮಾ ಮಾಡುತ್ತೇವೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಮಾಡಿದರು. ಒಂದು ಜಿಲ್ಲೆಯ ಮಕ್ಕಳು ಎಲ್ಲಿದ್ದಾರೆ ಎನ್ನುವುದರ ಜೊತೆಗೆ, ಮೂರನೇ ತರಗತಿಯಿಂದ ಎಂಟನೇ ತರಗತಿಯವರೆಗಿನ ಐದು ವರ್ಷಗಳಲ್ಲಿ ಅವರು ಎಷ್ಟು ಮುಂದೆ ಬಂದರು ಎಂದು ಅವರು ಕೇಳಿದರು. 2009ರಿಂದ 2014ರವರೆಗಿನ ಫಲಿತಾಂಶಗಳನ್ನು ಆಧರಿಸಿ 2017ರಲ್ಲಿ ಬಂದ ಅವರ ಉತ್ತರ ಅನೇಕರನ್ನು ಬೆರಗುಗೊಳಿಸಿತು. ಶಿಕಾಗೋದ ಮಕ್ಕಳು ಐದು ವರ್ಷಗಳ ಅವಧಿಯಲ್ಲಿ ಸುಮಾರು ಆರು ವರ್ಷಗಳಷ್ಟು ಕಲಿಕೆಯನ್ನು ಸಾಧಿಸಿದ್ದರು. ದೇಶದ ದೊಡ್ಡ ಶಾಲಾ ಜಿಲ್ಲೆಗಳಲ್ಲಿ ಇದಕ್ಕಿಂತ ವೇಗದ ಬೆಳವಣಿಗೆ ಬೇರೆಲ್ಲೂ ಕಾಣಲಿಲ್ಲ. 1987ರಲ್ಲಿ ಅಂದಿನ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ ಇಡೀ ದೇಶದಲ್ಲೇ ಅತಿ ಕೆಟ್ಟವು ಎಂದು ಜರೆದದ್ದು ಇದೇ ನಗರದ ಶಾಲೆಗಳನ್ನು. ಇಲ್ಲಿನ ಐವರು ಮಕ್ಕಳಲ್ಲಿ ನಾಲ್ವರು ಕಪ್ಪು ಅಥವಾ ಲ್ಯಾಟಿನೋ ಸಮುದಾಯದವರು. ಬಹುಪಾಲು ಮಕ್ಕಳು ಬಡ ಕುಟುಂಬಗಳಿಂದ ಬಂದವರು.

ಇದು ಹೇಗಾಯಿತು? ಪವಾಡಪುರುಷನೊಬ್ಬ ಬಂದು ಎಲ್ಲವನ್ನೂ ಬದಲಿಸಿದ ಕಥೆ ಇದಲ್ಲ. ಪ್ರೌಢಶಾಲೆಗಳ ಮಟ್ಟಿಗೆ ಇದರ ಒಂದು ಎಳೆ ತೀರ ಸಾಮಾನ್ಯವೆನಿಸುವ ಪ್ರಶ್ನೆಯಿಂದ ಆರಂಭವಾಗುತ್ತದೆ: ಮಕ್ಕಳು ಶಾಲೆ ಬಿಡುವುದು ಯಾವಾಗ ನಿಶ್ಚಯವಾಗುತ್ತದೆ? ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರಾದ ಎಲೇನ್ ಆಲೆನ್ಸ್‌ವರ್ತ್ ಮತ್ತು ಜಾನ್ ಈಸ್ಟನ್ 2005ರಲ್ಲಿ ಪ್ರಕಟಿಸಿದ ವರದಿ ಒಂಬತ್ತನೇ ತರಗತಿಯತ್ತ ಬೆರಳು ಮಾಡಿತು. ಆ ವರ್ಷದ ಕೊನೆಗೆ ಕನಿಷ್ಠ ಐದು ಪೂರ್ಣ ವಿಷಯಗಳ ಕ್ರೆಡಿಟ್ ಗಳಿಸಿ, ಮುಖ್ಯ ವಿಷಯಗಳಲ್ಲಿ ಒಂದು ಸೆಮಿಸ್ಟರ್‌ಗಿಂತ ಹೆಚ್ಚು ಅನುತ್ತೀರ್ಣರಾಗದ ಮಕ್ಕಳು ಹಾದಿಯಲ್ಲಿದ್ದಾರೆ ಎಂದು ಅವರು ಎಣಿಸಿದರು. ಹಾಗೆ ಹಾದಿಯಲ್ಲಿದ್ದವರು ನಾಲ್ಕು ವರ್ಷಗಳಲ್ಲಿ ಪ್ರೌಢಶಾಲೆ ಮುಗಿಸುವ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟು ಹೆಚ್ಚಿತ್ತು. ಹಿಂದಿನ ಪರೀಕ್ಷೆಗಳ ಅಂಕವಾಗಲಿ, ಕುಟುಂಬದ ಆದಾಯವಾಗಲಿ, ಜನಾಂಗವಾಗಲಿ ಭವಿಷ್ಯವನ್ನು ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ಮಗು ಬಡವರದೋ ಅಲ್ಲವೋ ಎಂಬುದನ್ನು ಶಿಕ್ಷಕರು ಬದಲಿಸಲಾರರು. ಆದರೆ ಒಂಬತ್ತನೇ ತರಗತಿಯ ಹಾಜರಾತಿ ಮತ್ತು ಬೀಜಗಣಿತದ ಫಲಿತಾಂಶ ಅವರ ಕೈಗೆಟಕುವ ಸಂಗತಿಗಳು. ವರದಿಯ ಮಹತ್ವ ಇರುವುದು ಇಲ್ಲಿ.

ನನ್ನ ಕಚೇರಿಯ ಸಹೋದ್ಯೋಗಿಯೊಬ್ಬರು ನಗರದ ದಕ್ಷಿಣ ಭಾಗದ ಕಪ್ಪು ಸಮುದಾಯದವರು. ಅವರ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಮೊದಲ ಪೀರಿಯಡ್‌ನ ಬೀಜಗಣಿತದಲ್ಲಿ ಸತತವಾಗಿ ಅನುತ್ತೀರ್ಣಳಾಗತೊಡಗಿದಳು. ಒಂದು ಸಂಜೆ ಶಾಲೆಯ ಸಲಹೆಗಾರ್ತಿಯಿಂದ ಫೋನ್ ಬಂತು. ಬೈಗುಳ ಕಾದಿದೆ ಎಂದುಕೊಂಡ ತಾಯಿಗೆ ಎದುರಾದದ್ದು ಒಂದು ಪ್ರಶ್ನೆ: ಬೆಳಗಿನ ಹೊತ್ತು ಮನೆಯಲ್ಲಿ ಏನು ನಡೆಯುತ್ತದೆ? ತಾಯಿ ಐದು ಗಂಟೆಗೇ ಕೆಲಸಕ್ಕೆ ಹೊರಡುತ್ತಿದ್ದರು; ತಮ್ಮನನ್ನು ಅವನ ಶಾಲೆಗೆ ತಲುಪಿಸಿ, ಎರಡು ಬಸ್ಸು ಹಿಡಿದು ಬರುವ ಹೊತ್ತಿಗೆ ಮಗಳ ಮೊದಲ ಪೀರಿಯಡ್ ಅರ್ಧ ಮುಗಿದಿರುತ್ತಿತ್ತು. ಮುಂದಿನ ವಾರ ಆಕೆಯ ಬೀಜಗಣಿತವನ್ನು ಮಧ್ಯಾಹ್ನದ ತರಗತಿಗೆ ಬದಲಿಸಿದರು. ಅಷ್ಟೇ. ಆ ಹುಡುಗಿ ಈಗ ಸಮುದಾಯ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಪ್ರತಿ ವಾರ ಒಂಬತ್ತನೇ ತರಗತಿಯ ಶಿಕ್ಷಕರೆಲ್ಲ ಕೂತು, ಯಾರು ಬರುತ್ತಿಲ್ಲ, ಯಾರು ಹಿಂದೆ ಬೀಳುತ್ತಿದ್ದಾರೆ ಎಂಬ ಪಟ್ಟಿಯನ್ನು ಹೆಸರು ಹೆಸರಾಗಿ ನೋಡುವ ಪದ್ಧತಿ ಅನೇಕ ಶಾಲೆಗಳಲ್ಲಿ ನೆಲೆಯೂರಿದ್ದರಿಂದ ಆ ಫೋನ್ ಕರೆ ಬಂದಿತ್ತು. ಹಾದಿಯಲ್ಲಿರುವ ಒಂಬತ್ತನೇ ತರಗತಿಯವರ ಪ್ರಮಾಣ 2007ರಲ್ಲಿ ಶೇಕಡ 57 ಇದ್ದದ್ದು 2013ರ ವೇಳೆಗೆ ಶೇಕಡ 82ಕ್ಕೆ ಏರಿತು. ಪ್ರೌಢಶಾಲೆ ಮುಗಿಸುವವರ ಪ್ರಮಾಣವೂ ಇಂದು ಶೇಕಡ 80ನ್ನು ದಾಟಿದೆ.

ಈ ಅಂಕಿಗಳನ್ನೆಲ್ಲ ಕಣ್ಣುಮುಚ್ಚಿ ನಂಬಬೇಕೇ ಎಂದು ಓದುಗರು ಕೇಳಬಹುದು, ಕೇಳಬೇಕು ಕೂಡ. ಶಾಲೆ ಬಿಟ್ಟ ಮಕ್ಕಳನ್ನು ಬೇರೆ ಊರಿಗೆ ಹೋದವರೆಂದು ದಾಖಲಿಸಿದ್ದು ಪತ್ರಕರ್ತರಿಂದ ಬಯಲಾದ ಮೇಲೆ, 2015ರಲ್ಲಿ ಜಿಲ್ಲೆ ಹಿಂದಿನ ವರ್ಷದ ತನ್ನ ಪ್ರಮಾಣವನ್ನು 69.4ರಿಂದ 66.3ಕ್ಕೆ ಇಳಿಸಿಕೊಳ್ಳಬೇಕಾಯಿತು. 2024ರ ರಾಜ್ಯ ಪರೀಕ್ಷೆಯಲ್ಲಿ ಮೂರರಿಂದ ಎಂಟನೇ ತರಗತಿಯ ಮಕ್ಕಳಲ್ಲಿ ಓದಿನ ನಿಗದಿತ ಮಟ್ಟ ಮುಟ್ಟಿದವರು ಮೂರನೇ ಒಂದರಷ್ಟೂ ಇಲ್ಲ; ಗಣಿತದಲ್ಲಿ ಐದನೇ ಒಂದರಷ್ಟೂ ಇಲ್ಲ. ಅಂಕಿಯ ಮೇಲೆ ಅಧಿಕಾರಿಗಳ ಹೆಸರು, ಹುದ್ದೆ ನಿಂತಾಗ ಅಂಕಿ ಬಾಗುತ್ತದೆ ಎಂಬುದು ನಮಗೆ ಹೊಸತಲ್ಲ. ಕರ್ನಾಟಕದಲ್ಲಿ 2024ರ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದ ವರ್ಷ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಕುಸಿದದ್ದನ್ನು ನೋಡಿದ್ದೇವೆ. ಆದ್ದರಿಂದ ಶಿಕಾಗೋದಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಬಹಳ ಹಿಂದಿನಿಂದ ಓಟ ಆರಂಭಿಸಿದ ಮಕ್ಕಳು ಇನ್ನೂ ಗುರಿ ಮುಟ್ಟಿಲ್ಲ; ಆದರೆ ಅವರು ಓಡಿದ ದೂರ ದೊಡ್ಡದು ಎಂದಷ್ಟೇ ಹೇಳುತ್ತಿದ್ದೇನೆ. ಹತ್ತಕ್ಕೆ ಇಷ್ಟು ಎಂಬ ಅಂಕಿ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮರೆಮಾಚುತ್ತದೆ.

ಈ ದೂರವನ್ನು ಯಾರೂ ಅವರಿಗೆ ದಾನವಾಗಿ ಕೊಡಲಿಲ್ಲ. 2013ರಲ್ಲಿ ಅಂದಿನ ಮೇಯರ್ ರಾಮ್ ಇಮ್ಯಾನುಯೆಲ್ ಅವರ ಆಡಳಿತ ಒಂದೇ ಏಟಿಗೆ ಐವತ್ತರಷ್ಟು ಶಾಲೆಗಳನ್ನು ಮುಚ್ಚಿತು; ಬಹುತೇಕ ಎಲ್ಲವೂ ಕಪ್ಪು ಮತ್ತು ಲ್ಯಾಟಿನೋ ಬಡಾವಣೆಗಳವು. ಬ್ರಾನ್ಸ್‌ವಿಲ್ ಬಡಾವಣೆಯ ಡಯಟ್ ಪ್ರೌಢಶಾಲೆಯನ್ನು ಉಳಿಸಿಕೊಳ್ಳಲು 2015ರಲ್ಲಿ ಪೋಷಕರು, ಅಜ್ಜಿಯರು, ಶಿಕ್ಷಕರು 34 ದಿನ ಉಪವಾಸ ಕೂತರು. ಮರುವರ್ಷ ಶಾಲೆ ಮತ್ತೆ ತೆರೆಯಿತು. 2019ರಲ್ಲಿ ಶಿಕ್ಷಕರು 11 ಶಾಲಾದಿನಗಳ ಕಾಲ ಮುಷ್ಕರ ಹೂಡಿದಾಗ ಅವರ ಬೇಡಿಕೆ ಸಂಬಳವೊಂದೇ ಆಗಿರಲಿಲ್ಲ. ಪ್ರತಿ ಶಾಲೆಗೂ ಒಬ್ಬ ನರ್ಸ್, ಒಬ್ಬ ಸಮಾಜಕಾರ್ಯಕರ್ತೆ ಬೇಕು ಎಂಬುದಾಗಿತ್ತು, ಅದನ್ನು ಒಪ್ಪಂದದಲ್ಲಿ ಪಡೆದೂ ಪಡೆದರು. ನನ್ನ ಸಹೋದ್ಯೋಗಿಗೆ ಬಂದಂಥ ಫೋನ್ ಕರೆ ಮಾಡಲು ಶಾಲೆಯಲ್ಲಿ ಒಬ್ಬರಾದರೂ ಇರಬೇಕಲ್ಲ! ಆ ಮುಷ್ಕರದ ದಿನಗಳಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದ್ದು, ನಾವು ನಗರ ಬಿಟ್ಟುಬಂದದ್ದೇ ಒಳ್ಳೆಯದಾಯಿತು ಎಂಬ ನಿಟ್ಟುಸಿರು.

ನಾವು ಬಿಟ್ಟುಬಂದಾಗ ನಮ್ಮ ತೆರಿಗೆಯೂ ನಮ್ಮೊಂದಿಗೆ ಬಂತು. ಇಲಿನಾಯ್‌ನಲ್ಲಿ ಶಾಲೆಗಳ ಖರ್ಚಿನ ಬಹುಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆಗಳ ಬೆಲೆ ಹೆಚ್ಚಿರುವಲ್ಲಿ ಶಾಲೆಗೆ ಹಣ ಹೆಚ್ಚು. ಶಾಲೆಯ ಅಂಕ ಹೆಚ್ಚಿರುವಲ್ಲಿ ಮನೆಗಳ ಬೆಲೆ ಹೆಚ್ಚು. ಈ ಗಾಣಕ್ಕೆ ನಾವೂ ಹೆಗಲು ಕೊಟ್ಟಿದ್ದೇವೆ. ಅತಿ ಹೆಚ್ಚು ಕೊರತೆಯಿರುವ ಜಿಲ್ಲೆಗಳಿಗೆ ರಾಜ್ಯದ ಹೊಸ ಹಣ ಮೊದಲು ಹೋಗಬೇಕೆಂಬ ಕಾನೂನು 2017ರಲ್ಲಿ ಬಂದಾಗ, ನಮ್ಮ ಹಣ ನಗರದ ಪಾಲಾಗುತ್ತಿದೆ ಎಂದು ಗೊಣಗಿದವರಲ್ಲಿ ನಮ್ಮವರೂ ಇದ್ದರು. ನಗರದಲ್ಲೇ ಉಳಿದ ನಮ್ಮವರ ಕಣ್ಣು ಪ್ರವೇಶಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುವ ವಾಲ್ಟರ್ ಪೇಟನ್, ನಾರ್ತ್‌ಸೈಡ್‌ನಂಥ ಪ್ರೌಢಶಾಲೆಗಳ ಮೇಲೆ. ಅಲ್ಲಿ ಸೀಟು ಸಿಕ್ಕರೆ ಅದು ಪ್ರತಿಭೆ; ಪಕ್ಕದ ಬಡಾವಣೆಯ ಶಾಲೆ ಸೋತರೆ ಅದು ಆ ಜನರ ಸಂಸ್ಕಾರ. ಈ ಮಾತಿನ ಧಾಟಿಯನ್ನು ನಾವು ಎಲ್ಲಿ ಕಲಿತೆವು ಎಂದು ಬಿಡಿಸಿ ಹೇಳಬೇಕಿಲ್ಲ. ಮೀಸಲಾತಿಯ ಚರ್ಚೆಯಲ್ಲಿ ಮೆರಿಟ್ ಎಂಬ ಪದವನ್ನು ಝಳಪಿಸುವ ನಾಲಿಗೆಯೇ ಕಡಲು ದಾಟಿ ಇಲ್ಲಿ ಸ್ಕೂಲ್ ರೇಟಿಂಗ್ ಎನ್ನುತ್ತದೆ.

ಇದರ ವಿಪರ್ಯಾಸ ನೋಡಿ. ಹುಟ್ಟೂರಿನ ಸರ್ಕಾರಿ ಶಾಲೆಗೆ ಬೆಂಚು, ಕಂಪ್ಯೂಟರು, ಶೌಚಾಲಯ ಕೊಡಿಸಲು ನಾವು ಮನಸಾರೆ ಚಂದಾ ಎತ್ತುತ್ತೇವೆ. ನಮ್ಮಲ್ಲಿ ಅನೇಕರು ಅಂಥ ಶಾಲೆಗಳ ನೆಲದ ಮೇಲೆ ಕೂತು ಅಕ್ಷರ ಕಲಿತವರು. ಹಾಸನ ಜಿಲ್ಲೆಯ ಒಂದು ಎರಡು ಕೊಠಡಿಗಳ ಶಾಲೆ ಇಲ್ಲದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆ ಶಾಲೆಗೆ ಹತ್ತಕ್ಕೆ ಎಷ್ಟು ಕೊಡುತ್ತಿದ್ದರೋ! ಊರ ಶಾಲೆ ಉಳಿಯಲು ಪೋಷಕರ ಪಾಲ್ಗೊಳ್ಳುವಿಕೆ ಬೇಕು ಎಂಬುದನ್ನು ಕರ್ನಾಟಕ ತಡವಾಗಿಯಾದರೂ ಒಪ್ಪಿಕೊಂಡಿತು. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಎಸ್‌ಡಿಎಂಸಿಗಳು ಹುಟ್ಟಿದ್ದು ಹಾಗೆ.

ಶಿಕಾಗೋ ಈ ಪಾಠವನ್ನು ಅದಕ್ಕೂ ಮೊದಲೇ ಕಲಿತಿತ್ತು. 1987ರ 19 ದಿನಗಳ ಮುಷ್ಕರದಿಂದ ರೋಸಿಹೋದ ಪೋಷಕರು ಬೀದಿಗಿಳಿದ ಫಲವಾಗಿ 1988ರಲ್ಲಿ ಕಾನೂನು ಬಂದು, ಪ್ರತಿ ಶಾಲೆಗೂ ಸ್ಥಳೀಯ ಶಾಲಾ ಪರಿಷತ್ತು ರೂಪುಗೊಂಡಿತು. ಆರು ಪೋಷಕರು, ಇಬ್ಬರು ಬಡಾವಣೆಯ ನಿವಾಸಿಗಳು, ಜೊತೆಗೆ ಶಿಕ್ಷಕರ ಪ್ರತಿನಿಧಿಗಳು. ಇಂದಿಗೂ ಬಹುತೇಕ ಶಾಲೆಗಳಲ್ಲಿ ಪ್ರಾಂಶುಪಾಲರನ್ನು ಆರಿಸುವುದು, ಬಜೆಟ್ಟಿಗೆ ಒಪ್ಪಿಗೆ ಕೊಡುವುದು ಈ ಪರಿಷತ್ತೇ. ಎರಡು ವರ್ಷಕ್ಕೊಮ್ಮೆ ನಡೆಯುವ ಅದರ ಚುನಾವಣೆಯಲ್ಲಿ ಮತ ಹಾಕಲು, ಸ್ಪರ್ಧಿಸಲು ಅಮೆರಿಕದ ಪೌರತ್ವ ಬೇಕಿಲ್ಲ. ಗ್ರೀನ್ ಕಾರ್ಡಿಗಾಗಿ ದಶಕಗಟ್ಟಲೆ ಕಾಯುತ್ತಾ, ಇಲ್ಲಿ ನಮಗೆ ದನಿಯೇ ಇಲ್ಲ ಎಂದು ಕೊರಗುವ ನಗರವಾಸಿ ಕನ್ನಡಿಗರಿಗೆ ಒಂದು ಮತಪೆಟ್ಟಿಗೆ ಮನೆಯ ಪಕ್ಕದಲ್ಲೇ ತೆರೆದಿದೆ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ನನ್ನಂತೆ ಉಪನಗರ ಸೇರಿದವರಿಗೆ ಆ ಮತವಿಲ್ಲ. ಆದರೆ ಪೌರತ್ವ ಪಡೆದವರಿಗೆ ರಾಜ್ಯದ ಶಾಸನಸಭೆಗೆ ಮತವಿದೆ. 2017ರ ಕಾನೂನಿನ ಭರವಸೆಯನ್ನು ಪೂರ್ತಿಯಾಗಿ ಈಡೇರಿಸುವಷ್ಟು ಹಣ ಕೊಡುತ್ತೀರಾ ಎಂದು ಅಭ್ಯರ್ಥಿಗಳನ್ನು ಕೇಳುವ ಹಕ್ಕಿದೆ. ಹೊಸದಾಗಿ ಬಂದ ತಂಗಿಯೋ ಗೆಳೆಯನೋ ಯಾವ ಊರಿನಲ್ಲಿ ಮನೆ ನೋಡೋಣ ಎಂದು ಕೇಳಿದಾಗ, ಆ್ಯಪ್‌ನ ಅಂಕಿ ಹೇಳುವ ಮೊದಲು ಶಾಲೆಯ ಬಾಗಿಲಿಗೆ ಒಮ್ಮೆ ಹೋಗಿ ಬಾ ಎನ್ನಬಹುದು. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಮಗು ಎರಡು ದಿನ ಶಾಲೆಗೆ ಬರದಿದ್ದರೆ ಇಲ್ಲಿಂದ ಯಾರು ಫೋನ್ ಮಾಡುತ್ತಾರೆ? ನಾವು ಬಿಟ್ಟುಬಂದ ಆ ಎರಡು ಬೀದಿ ಆಚೆಯ ಶಾಲೆಯಲ್ಲಿ ಈ ಪ್ರಶ್ನೆಗೆ ಏನು ಉತ್ತರ ಸಿಗುತ್ತಿತ್ತೋ, ನಾನು ಕೇಳಲೇ ಇಲ್ಲ.